ಮೈಸೂರು ಸೀಮೆಯ ಕಲ್ಲುಗಳ ಸಾಕ್ಷ್ಯ

ಭೂಮಿಯ ಪೂರ್ವಚರಿತ್ರೆಯನ್ನು ಅರಿಯಹೊರಟ ಯೂರೋಪಿನ ವಿದ್ವಾಂಸರಿಗೆ ಜೀವ್ಯವಶೇಷಗಳು ಬಹುದೊಡ್ಡ ಆಸರೆಯಾಗಿ ಒದಗಿದವು. ಇಂಗ್ಲೆಂಡಿನಲ್ಲಿ ಕಾಲುವೆಯ ಮೋಜಣಿದಾರನಾಗಿದ್ದ ವಿಲಿಯಂ ಸ್ಮಿತ್, ಒಂದೊಂದು ಶಿಲಾಸ್ತರದಲ್ಲಿಯೂ ಅದಕ್ಕೇ ವಿಶಿಷ್ಟವಾದ ಚಿಪ್ಪುಗಳು ಹುದುಗಿರುವುದನ್ನು ಕಂಡು, ಅವುಗಳ ನೆರವಿನಿಂದಲೇ ದೂರದೂರದ ಸ್ತರಗಳನ್ನು ಗುರುತಿಸಿ ಹೊಂದಿಸಿ, 1815ರಲ್ಲಿ ತನ್ನ ದೇಶದ ಭೂವೈಜ್ಞಾನಿಕ ನಕ್ಷೆಯನ್ನು ಪ್ರಕಟಿಸಿದನು. ಹಳೆಯ ಮೈಸೂರು ಸೀಮೆಯ ಶಿಲೆಗಳನ್ನು ಅಭ್ಯಸಿಸಲು ಬಂದವರಿಗೆ ಈ ಭಾಗ್ಯವಿರಲಿಲ್ಲ. ಇಲ್ಲಿ ಚಿಪ್ಪಿಲ್ಲ, ಎಲುಬಿಲ್ಲ, ಎಲೆಯ ಅಚ್ಚೂ ಇಲ್ಲ. ಚಿಪ್ಪುಳ್ಳ ಪ್ರಾಣಿಗಳು ಉದಯಿಸುವುದಕ್ಕೆ ಕೋಟ್ಯಂತರ ವರ್ಷಗಳ ಮುನ್ನವೇ ಇಲ್ಲಿಯ ಕಲ್ಲುಗಳು ಘನೀಭವಿಸಿದ್ದವು. ಇಂಥ ಮೂಕಶಿಲೆಗಳಿಂದ ಚರಿತ್ರೆಯನ್ನು ಹೊರಡಿಸಿದ ಸಾಹಸ ನಮ್ಮ ನಾಡಿನ ವಿದ್ಯಾಚರಿತ್ರೆಯಲ್ಲಿ ಹಿರಿಯ ಅಧ್ಯಾಯವೆಂದೇ ನನ್ನ ಭಾವನೆ.

1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಪತ್ತೆಮಾಡಿ ಖ್ಯಾತನಾಗಿದ್ದ ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥನಾದನು. ಚಿತ್ರದುರ್ಗ, ಶಿವಮೊಗ್ಗ, ಬಾಬಾಬುಡನ್‌ಗಿರಿ, ಸಂಡೂರುಗಳಲ್ಲಿ ಪಟ್ಟೆಪಟ್ಟೆಯಾಗಿ ಹಬ್ಬಿರುವ ಕಪ್ಪು ಹಸಿರು ಛಾಯೆಯ ಪದರುಶಿಲೆಗಳಿಗೆ ಧಾರವಾಡದ ಹೆಸರನ್ನಿತ್ತವನೂ ಆತನೇ. ಸುತ್ತಲೂ ಹಾಸಿಕೊಂಡಿರುವ ನೈಸ್ ಶಿಲೆಯೇ ನೆಲಗಟ್ಟು, ಅದರ ಮೇಲೆ ಧಾರವಾಡ ಶಿಲೆಗಳು ಸಂಚಯಗೊಂಡು ಬಳಿಕ ಮಡಿಕೆಬಿದ್ದವು ಎಂಬುದು ಅವನ ಮತ. ಅನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದನು. ಲಾಲ್‌ಬಾಗಿನ ಬಂಡೆಯೇ ಮೊದಲಾಗಿ ನಾಡಿನ ಬಹುಭಾಗವನ್ನು ಆವರಿಸಿರುವ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂಬ, ಇಂದಿಗೂ ಬಳಕೆಯಲ್ಲಿರುವ ಹೆಸರನ್ನು 1916ರಲ್ಲಿ ಕೊಟ್ಟ ಈ ವಿದ್ವಾಂಸನ ದೃಷ್ಟಿಯಲ್ಲಿ ಧಾರವಾಡ ಶಿಲೆಗಳೇ ಸರ್ವಪ್ರಾಚೀನವಾದವು, ಅವೆಲ್ಲವೂ ಅಗ್ನಿಜನ್ಯ, ನೈಸ್ ಎಂಬುದು ಆಮೇಲೆ ಕೆಳಗಿನಿಂದ ಅವುಗಳೊಳಕ್ಕೆ ನುಗ್ಗಿದ ದ್ರವ್ಯ.

ವಾದವನ್ನು ಇತ್ಯರ್ಥಕ್ಕೆ ತಂದ ಸಾಕ್ಷಿಗಳಲ್ಲಿ ಒಂದು, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಕಲ್ದುರ್ಗದ ಪೆಂಟೆಶಿಲೆ. ಅದನ್ನು ಹತ್ತಿರದಿಂದ ನೋಡಬೇಕು. ಕಪ್ಪುಹಸಿರು ಹಿಟ್ಟಿನಂಥ ಮೂಲದ್ರವ್ಯದಲ್ಲಿ ಹೊಳೆಯ ನೀರಿನಲ್ಲಿ ಉರುಳಿ ನುಣುಪಾದ ಸಣ್ಣ ದೊಡ್ಡ ಕಲ್ಲುಗಳು ಒತ್ತೊತ್ತಾಗಿ ಕುಳಿತಿವೆ. ಕೆಲವು ಬೆಣಚುಶಿಲೆಯವು, ಕೆಲವು ಗ್ರಾನೈಟಿನವು, ಕೆಲವು ಸ್ಪಷ್ಟವಾಗಿ ನೈಸ್ ಶಿಲೆಯ ತುಂಡುಗಳು. ಗೋಡೆಯಲ್ಲಿ ಸೇರಿದ ಇಟ್ಟಿಗೆ ಗೋಡೆಗಿಂತ ಮುಂಚಿನದಾಗಿರಲೇಬೇಕಷ್ಟೆ. ಹಾಗೆಯೇ ಧಾರವಾಡ ಸ್ತರದೊಳಗೆ ನೈಸ್ ಶಿಲೆಯ ಉರುಟುಕಲ್ಲು ಸಿಕ್ಕಿದ ಮೇಲೆ, ಆ ಸ್ತರ ಕೂಡುವ ಹೊತ್ತಿಗೆ ಎಲ್ಲಿಯೋ ನೈಸ್ ಬೆಟ್ಟಗಳು ಬಿಸಿಲುಮಳೆಗೆ ಮೈಯೊಡ್ಡಿ ಸವೆಯುತ್ತಿದ್ದವೆಂದು ಒಪ್ಪದೆ ಗತ್ಯಂತರವಿಲ್ಲ. ಇಂಥ ಕಲ್ಲುಗಳು ಭೂಮಿಯ ಒತ್ತಡದಲ್ಲಿ ನುಚ್ಚಾಗಿ ಉಂಟಾದವೆಂದು ಸ್ಮೀತ್ ಸಾಧಿಸುತ್ತಿದ್ದನು, ಸಿ. ಎಸ್. ಪಿಚ್ಚಮುತ್ತು ಅವರು 1935ರಲ್ಲಿ ಕಲ್ದುರ್ಗದ ಪೆಂಟೆಶಿಲೆಯನ್ನು ಕುರಿತು ಬರೆದು ಅದು ನೀರಿನಿಂದ ಸಂಚಯಗೊಂಡ ಶಿಲೆಯೆಂಬ ಪಕ್ಷವನ್ನು ಬಲಪಡಿಸಿದರು. ಬಿ. ರಾಮರಾವ್ ಅವರೂ ಸಂಸ್ಥಾನದ ಪುರಾತನ ಶಿಲೆಗಳನ್ನೆಲ್ಲ ಮರುಪರಿಶೀಲಿಸಿ, ಧಾರವಾಡದಲ್ಲಿ ಜಲಜನ್ಯ ಶಿಲೆಗಳಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಿದರು. ಧಾರವಾಡ ಶಿಲೆಗಳ ಮೇಲೆ ಉಳಿದಿರುವ ಅಲೆಗೆರೆಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿ ದಿಂಬಿನಾಕಾರವಾಗಿ ಹೆಪ್ಪುಗಟ್ಟಿದ ಲಾವಾ, ಇವೂ ಒಂದು ಪ್ರಾಚೀನ ಸಮುದ್ರವನ್ನೇ ಸಾರುತ್ತವೆ.

ಹಿಂದುಮುಂದುಗಳು ತಿಳಿದರೂ ವರ್ಷಗಳ ಲೆಕ್ಕ ಸಿಕ್ಕಿದ್ದು ಶಿಲೆಯೊಳಗಣ ಯುರೇನಿಯಂ ಮೊದಲಾದ ವಿಕಿರಣಶೀಲ ಧಾತುಗಳಿಂದ. ಜಿರ್ಕಾನ್ ಹರಳಿನಲ್ಲಿ ಸೆರೆಯಾದ ಯುರೇನಿಯಂ 238 ಅರ್ಧಾಂಶ ಸೀಸವಾಗುವುದಕ್ಕೆ ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣವನ್ನು ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ಇಂಥ ವಿಧಾನಗಳಿಂದ ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷಗಳಷ್ಟು ಹಳೆಯದೆಂದು ತಿಳಿಯಿತು. ಹೇಮಾವತಿಯ ದಡದ ಆ ಊರನ್ನು ರಾಮಸ್ವಾಮಿ ಅಯ್ಯಂಗಾರರ ಬರಹದಿಂದ ಬಲ್ಲ ಓದುಗರು ಅದರ ಕಲ್ಲಿನ ಹಿರಿಮೆಯನ್ನೂ ನೆನಪಿನಲ್ಲಿಟ್ಟುಕೊಳ್ಳಲಿ. ಧಾರವಾಡ ಶಿಲೆಗಳು ಅದಕ್ಕೆ ಕಿರಿಯವು. ರಾಮನಗರದ ಗ್ರಾನೈಟ್ ಇನ್ನೂ ಕಿರಿಯದು, ಸುಮಾರು 250 ಕೋಟಿ ವರ್ಷ. ಹೀಗೆ ಫೂಟನ ಮತವೇ ಬಹುಮಟ್ಟಿಗೆ ನಿಂತರೂ ಸ್ಮೀತನ ಮಾತು ಪೂರ್ತಿ ಹುಸಿಯಾಗಲಿಲ್ಲ: ನೈಸಿಗಿಂತ ಹಳೆಯ ಪದರುಶಿಲೆಯ ತುಣುಕುಗಳು ಸರಗೂರಿನ ಕಡೆ ಉಂಟು.

ಈ ಶಿಲೆಗಳು ತೀರ ನಿರ್ಜೀವವೂ ಅಲ್ಲವೆಂಬುದು ಬಹುಕಾಲದ ಮೇಲೆ ಗೊತ್ತಾಯಿತು. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಪದರಪದರವಾಗಿ ಗುಮ್ಮಟದಂತೆ ಉಬ್ಬಿದ ಸ್ಟ್ರೊಮಾಟೊಲೈಟುಗಳು ದೊರೆತವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಹಾಸುಗಳು ಕೆಸರನ್ನೂ ಸುಣ್ಣವನ್ನೂ ಹಿಡಿದಿಟ್ಟು ಕಟ್ಟಿದ ರಚನೆಗಳವು. ಇಂಗ್ಲೆಂಡಿನ ಚಿಪ್ಪುಗಳಿಗಿಂತ ಎಷ್ಟೋ ಪಾಲು ಹಳೆಯದಾದ ಜೀವ್ಯವಶೇಷ ನಮ್ಮ ನೆಲದಲ್ಲಿಯೇ ಇದ್ದಿತು.

ಲಾಲ್‌ಬಾಗಿನ ಬಂಡೆಗೂ ಮರಡಿಹಳ್ಳಿಯ ಲಾವಾಕ್ಕೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯಿದೆ. ಆದರೆ ಜಲ್ಲಿಯಂತ್ರದ ಬಾಯಿಗೆ ಬಿದ್ದ ಕಲ್ಲು ಮರಳಿ ಸಾಕ್ಷಿ ನುಡಿಯಲಾರದು. ತಮ್ಮ ಊರಿನ ಬಳಿ ಕ್ವಾರಿಗೆ ಅಪ್ಪಣೆ ಕೊಡುವ ಮುನ್ನ ಆ ಬಂಡೆಯನ್ನು ಭೂವಿಜ್ಞಾನ ಬಲ್ಲವರೊಬ್ಬರು ನೋಡಿಹೋಗಲೆಂದು ಗ್ರಾಮಸ್ಥರೂ ಅಧಿಕಾರಿಗಳೂ ಒತ್ತಾಯಿಸಬೇಕೆಂದು ಬೇಡುತ್ತೇನೆ.