ಬರಗಾಲವು ಕಟ್ಟಿಸಿದ ನಿಲ್ದಾಣಗಳು

ಹುಬ್ಬಳ್ಳಿಯಿಂದ ಗದಗಿಗೋ ಲೋಂಡಾಕ್ಕೋ ಪ್ರಯಾಣ ಮಾಡುವಾಗ ದಾರಿಯ ಹಳೆಯ ನಿಲ್ದಾಣಗಳನ್ನು ತಾವು ನೋಡಿಯೇ ಇರುತ್ತೀರಿ. ಅವು ಹುಟ್ಟಿದ ಕಾಲದ ಸಂಕಟವನ್ನು ನೆನೆಯುವವರು ಮಾತ್ರ ವಿರಳ.

1876-78ರ ಧಾತು ಈಶ್ವರ ಬರದಲ್ಲಿ ವಿಜಾಪುರ, ಧಾರವಾಡ, ಬಳ್ಳಾರಿ ಸೀಮೆಗಳು ಬೆಂದುಹೋದವು. ಅನ್ಯ ಪ್ರಾಂತಗಳಲ್ಲಿ ಧಾನ್ಯವಿದ್ದರೂ ಅದನ್ನು ಇಲ್ಲಿಗೆ ತರುವುದೆಂತು? ಬಂಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. 1880ರ ಕ್ಷಾಮ ಆಯೋಗವು ರೈಲುಮಾರ್ಗಗಳ ಅಗತ್ಯವನ್ನು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪನೆಗೊಂಡಿತು. 1890ರ ಹೊತ್ತಿಗೆ ಮೀಟರ್ ಗೇಜ್ ಹಳಿಗಳು ವಿಜಾಪುರ, ಗದಗ, ಹುಬ್ಬಳ್ಳಿ, ಧಾರವಾಡಗಳನ್ನು ಬೆಸೆದು, ಕ್ಯಾಸಲ್ ರಾಕಿನಲ್ಲಿ ಪೋರ್ತುಗೀಜರ ಸೀಮೆಯ ಮಾರ್ಗವನ್ನು ಕೂಡಿ, ಮಾರ್ಮಗೋವಾ ಬಂದರನ್ನು ಮುಟ್ಟಿದವು.

ಆದರೆ ಅನ್ನ ತರಲೆಂದು ಬಂದ ಗಾಡಿಯು ಬರಿದೇ ಹಿಂದಿರುಗಲಿಲ್ಲ. ನಮ್ಮ ಹತ್ತಿಯನ್ನು ಹೊತ್ತೊಯ್ದಿತು. ಅದಕ್ಕೂ ಮೊದಲು ಧಾರವಾಡದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಡಗೇರುತ್ತಿತ್ತು. ರೈಲು ಬಂದ ಮೇಲೆ ಕುಮಟೆಯ ಆ ವ್ಯಾಪಾರವು ಕುಸಿಯಿತು. ಬಂಡಿಯನ್ನೇ ನಂಬಿದ್ದ ಕುಟುಂಬಗಳ ಹೊಟ್ಟೆಯ ಪಾಡನ್ನು ಯಾರು ವಿಚಾರಿಸಿದರು? ಬರ ನೀಗಲೆಂದು ಬಂದ ರೈಲು ಇನ್ನೊಂದೆಡೆಯ ಅನ್ನವನ್ನು ಕಸಿದದ್ದೂ ಚರಿತ್ರೆಯೇ.

ಕ್ಯಾಸಲ್ ರಾಕ್ 1961ರವರೆಗೆ ಗಡಿಠಾಣೆಯಾಗಿತ್ತು. ಹುಬ್ಬಳ್ಳಿಯ ನಿಲ್ದಾಣವಾದರೋ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನು ಧರಿಸಿತು. ಅಲ್ಲಿ 2023ರಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಉದ್ಘಾಟನೆಗೊಂಡಿತು.