ಗಾಲ್ಫ್ ಮೈದಾನದಲ್ಲಿ ಕಿವಿಗೇನು ಕೆಲಸ?

ವಿಜಯನಗರದ ಮೊಬೈಲ್ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಇಂದು ತಂತಿಯಿಲ್ಲದ ಇಯರ್‌ಬಡ್‌ಗಳು ಸಾಲುಗಟ್ಟಿ ಕುಳಿತಿರುತ್ತವೆ. ಸಾವಿರ ರೂಪಾಯಿಯವೂ ಉಂಟು, ಇಪ್ಪತ್ತು ಸಾವಿರ ದಾಟಿದವೂ ಉಂಟು. ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ: ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೇಸ್ ಹೇಗಿದೆ, ಹೊರಗಿನ ಗದ್ದಲ ಎಷ್ಟು ತಗ್ಗುತ್ತದೆ? ಬಸ್ಸಿನಲ್ಲೋ ಮೆಟ್ರೊದಲ್ಲೋ ಓಡಾಡುವವರಿಗೆ ಇಷ್ಟು ಸಾಕು. ಆದರೆ ಗಾಲ್ಫ್ ಅಭ್ಯಾಸಕ್ಕೆಂದು ಕೊಳ್ಳುವವರು ಮೂರನೆಯ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಇದನ್ನು ಹಾಕಿಕೊಂಡಾಗ ಹೊರಗಿನ ಕೂಗು ಎಷ್ಟು ಕೇಳಿಸುತ್ತದೆ? ಹೀಗೇಕೆ ಎಂದು ತಿಳಿಯಬೇಕಾದರೆ ಎರಡು ಚರಿತ್ರೆಗಳನ್ನು ನೋಡಬೇಕು. ಒಂದು ಆಟದ್ದು, ಇನ್ನೊಂದು ಕಿವಿಗೆ ಹಾಕಿಕೊಳ್ಳುವ ಈ ಪುಟ್ಟ ಯಂತ್ರದ್ದು.

ದಂಡಿನಿಂದ ಬಡಾವಣೆಗೆ

ಗಾಲ್ಫ್ ಭಾರತಕ್ಕೆ ಬಂದದ್ದು ಬ್ರಿಟಿಷರ ಜೊತೆಯಲ್ಲಿ. 1829ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗಿನ ಕ್ಲಬ್‌ಗಳಲ್ಲೇ ಅತ್ಯಂತ ಹಳೆಯದು. 47 ವರ್ಷಗಳ ತರುವಾಯ, 1876ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿಕೊಂಡಿತು. ಹೈಗ್ರೌಂಡ್ಸ್‌ನಲ್ಲಿರುವ ಅದರ ಮೈದಾನ ಈಗ ನಗರದ ನಡುಮಧ್ಯದಲ್ಲಿದೆ. ಒಂದು ಕಾಲಕ್ಕೆ ಅದು ದಂಡಿನ ಅಧಿಕಾರಿಗಳ ಆಟ. ಊರಿನವರಿಗೆ ಅಲ್ಲಿ ಸಿಗುತ್ತಿದ್ದುದು ಚೀಲ ಹೊರುವ, ಚೆಂಡು ಹುಡುಕುವ, ಹುಲ್ಲು ನೋಡಿಕೊಳ್ಳುವ ಕೆಲಸ.

ಸ್ವಾತಂತ್ರ್ಯಾನಂತರ ಚಿತ್ರ ನಿಧಾನವಾಗಿ ಬದಲಾಯಿತು. ನಗರದ ಪೂರ್ವಕ್ಕೆ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಬಂತು. ಪಶ್ಚಿಮಕ್ಕೆ ಮೈಸೂರು ರಸ್ತೆಯಲ್ಲಿ, ಬಿಡದಿಯ ಬಳಿ, ಈಗಲ್‌ಟನ್ ಮೈದಾನ ತಲೆಯೆತ್ತಿತು. ಮೆಟ್ರೊದ ನೇರಳೆ ಮಾರ್ಗ ವಿಜಯನಗರವನ್ನು ಮುಟ್ಟಿದ್ದು 2015ರ ನವೆಂಬರಿನಲ್ಲಿ. ಅದೇ ಮಾರ್ಗ 2023ರ ಅಕ್ಟೋಬರಿನಲ್ಲಿ ಕೆಂಗೇರಿಯನ್ನೂ ದಾಟಿ ಇನ್ನೊಂದು ಚಲ್ಲಘಟ್ಟಕ್ಕೆ ಹೋಯಿತು. ಹೆಸರು ಒಂದೇ ಆದರೂ ಗಾಲ್ಫ್‌ನ ಚಲ್ಲಘಟ್ಟ ಊರಿನ ಆ ತುದಿ, ಮೆಟ್ರೊದ ಚಲ್ಲಘಟ್ಟ ಈ ತುದಿ. ವಿಜಯನಗರದಲ್ಲಿ ಗಾಲ್ಫ್ ಮೈದಾನವಿಲ್ಲ. ಇಲ್ಲಿನ ಕಲಿಕೆಯವರು ಊರು ದಾಟಿಯೇ ಹೋಗಬೇಕು. ಆ ಪ್ರಯಾಣದಲ್ಲಿ ಕಿವಿಗೆ ಸೇರಿದ ಇಯರ್‌ಬಡ್ ಅಭ್ಯಾಸದ ಚಾಪೆಯ ಮೇಲೂ ಕಿವಿಯಲ್ಲೇ ಉಳಿದುಬಿಡುವುದು ಸಹಜ.

ಮೌನದ ಆಟ, ಒಂದು ಕೂಗು

ಗಾಲ್ಫ್ ಮೌನದ ಆಟವೆಂದು ಪ್ರಸಿದ್ಧಿ. ಒಬ್ಬರು ಹೊಡೆಯಲು ನಿಂತಾಗ ಉಳಿದವರು ಮಾತಾಡಬಾರದು, ಅಲುಗಾಡಬಾರದು ಎಂಬುದು ಹಿಂದಿನಿಂದ ಬಂದ ಮರ್ಯಾದೆ. ಆದರೆ ಈ ಮೌನಕ್ಕೂ ಒಂದು ಅಪವಾದವಿದೆ. ಹೊಡೆದ ಚೆಂಡು ದಾರಿತಪ್ಪಿ ಯಾರದೋ ಕಡೆಗೆ ಹಾರಿದರೆ ಹೊಡೆದವರು ಗಂಟಲು ಹರಿಯುವಂತೆ 'ಫೋರ್' ಎಂದು ಕೂಗಬೇಕು. ಈ ಪದದ ಹುಟ್ಟಿಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. 'ಮುಂದೆ ಇರುವವರೇ, ಎಚ್ಚರ' ಎಂಬ ಅರ್ಥದ್ದೆಂಬುದು ಒಂದು. ಚೆಂಡು ಎಲ್ಲಿ ಬಿತ್ತೆಂದು ನೋಡಲು ಮುಂಚಿತವಾಗಿ ಹೋಗಿ ನಿಲ್ಲುತ್ತಿದ್ದ ಮುಂಗಾವಲಿನ ಕ್ಯಾಡಿಯನ್ನು ಕರೆಯುವ ಕೂಗು ಎಂಬುದು ಇನ್ನೊಂದು.

ಕೂಗೇ ಏಕೆ? ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆಯಿರುವಂತಿಲ್ಲ. ನೋಡಲು ನಿಂಬೆಹಣ್ಣಿನಷ್ಟಿದ್ದರೂ ನುರಿತ ವೃತ್ತಿಪರರ ಕೋಲಿನಿಂದ ಅದು ಗಂಟೆಗೆ 250 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹೊರಡುತ್ತದೆ. ಬೆನ್ನು ತಿರುಗಿಸಿ ನಿಂತವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಆಗ ತಲೆ ಕಾಯುವುದು ಕಿವಿಯೊಂದೇ. ಕೂಗು ಕೇಳಿದೊಡನೆ ಚೆಂಡೆಲ್ಲಿ ಎಂದು ಹುಡುಕದೆ, ತಲೆಯನ್ನು ಕೈಗಳಿಂದ ಮುಚ್ಚಿ ಬಾಗಬೇಕೆಂದು ಹೊಸಬರಿಗೆ ಹೇಳಿಕೊಡುತ್ತಾರೆ. ಈ ವ್ಯವಸ್ಥೆಯೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಕೂಗಿದರೆ ಕೇಳುತ್ತದೆ ಎಂಬುದು.

ಅಭ್ಯಾಸದ ಜಾಗದಲ್ಲಿ ಎಲ್ಲರೂ ಸಾಲಾಗಿ ನಿಂತು ಒಂದೇ ದಿಕ್ಕಿಗೆ ಹೊಡೆಯುವುದರಿಂದ ಅಪಾಯ ಕಡಿಮೆ. ಆದರೂ ಇಲ್ಲವೆನ್ನುವಂತಿಲ್ಲ. ಎದುರಿನ ಬಯಲಲ್ಲಿ ಚೆಂಡು ಹೆಕ್ಕುವವರು, ಹುಲ್ಲು ಕತ್ತರಿಸುವವರು ಇರಬಹುದು. 'ಹೊಡೆತ ನಿಲ್ಲಿಸಿ' ಎಂದು ಕಾವಲಿನವರು ಕೂಗಿದಾಗ ಹತ್ತು ಜನರಲ್ಲಿ ಒಬ್ಬರ ಕಿವಿ ಮುಚ್ಚಿದ್ದರೂ ಆ ಕೂಗು ವ್ಯರ್ಥ. ಪೆಟ್ಟು ಬೀಳುವುದು ಮಾತ್ರ ಕಿವಿ ಮುಚ್ಚಿಕೊಂಡವರಿಗಲ್ಲ.

ಪೆಟ್ಟಿನ ಸದ್ದು

ಆಟಗಾರರಿಗೆ ಇನ್ನೊಂದು ಕಾರಣಕ್ಕೂ ಕಿವಿ ಬೇಕು. ಕೋಲಿನ ಸರಿಯಾದ ಭಾಗಕ್ಕೆ ಚೆಂಡು ತಾಗಿತೋ ಅಂಚಿಗೆ ತಾಗಿತೋ ಎಂಬುದನ್ನು ಪೆಟ್ಟಿನ ಸದ್ದೇ ಹೇಳಿಬಿಡುತ್ತದೆ. ಮೃದಂಗ ಕಲಿಸುವ ಮೇಷ್ಟ್ರು ಶಿಷ್ಯನ ಕೈ ನೋಡದೆಯೇ ತಪ್ಪು ಹಿಡಿಯುವಂತೆ, ಅನುಭವಿ ತರಬೇತುದಾರರು ಬೆನ್ನು ತಿರುಗಿಸಿದ್ದರೂ ಹೊಡೆತದ ಗುಣ ಹೇಳಬಲ್ಲರು.

ಆಟದ ಲಯವನ್ನೂ ಕಿವಿಯ ಮೂಲಕ ಕಲಿಯಬಹುದೆಂಬುದು ಈಚಿನ ವಿಚಾರ. ಅಮೆರಿಕದ ಜಾನ್ ನೊವೊಸೆಲ್ ಪ್ರಸಿದ್ಧ ಆಟಗಾರರ ಚಿತ್ರಗಳನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿ ನೋಡಿದರು. ಕೋಲನ್ನು ಹಿಂದಕ್ಕೆ ಎತ್ತಲು ಹಿಡಿಯುವ ಕಾಲ, ಅಲ್ಲಿಂದ ಚೆಂಡಿಗೆ ತರಲು ಹಿಡಿಯುವ ಕಾಲದ ಮೂರರಷ್ಟು ಇರುವುದು ಕಂಡಿತು. 2004ರಲ್ಲಿ ಅವರು ಇದನ್ನು ಪುಸ್ತಕವಾಗಿ ಹೊರತಂದರು. ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಗ್ರೋಬರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಲಿನೊಳಗೇ ಸಂವೇದಕಗಳನ್ನಿಟ್ಟು, ಬೀಸಿನ ವೇಗವನ್ನು ನಾದವಾಗಿ ಮಾರ್ಪಡಿಸಿ ಆಟಗಾರರ ಕಿವಿಗೆ ಕಳಿಸುವ ಸಾಧನ ಮಾಡಿದರು. ಫಿಜಿಯ ವಿಜಯ್ ಸಿಂಗ್ ಅದನ್ನು ಅಭ್ಯಾಸದಲ್ಲಿ ಬಳಸಿದರು. ತಾಳ ತಪ್ಪಿದರೆ ಕೈಗಿಂತ ಮೊದಲು ಕಿವಿಗೆ ತಿಳಿಯುತ್ತದೆ ಎಂಬುದು ಸಂಗೀತ ಕಲಿತವರಿಗೆ ಹೊಸ ಮಾತೇನಲ್ಲ.

ಸದ್ದು ಅತಿಯಾದರೆ ಕೇಡು ಎಂಬುದಕ್ಕೂ ಗಾಲ್ಫ್‌ನಲ್ಲೇ ನಿದರ್ಶನವಿದೆ. ಇಂಗ್ಲೆಂಡಿನ ನಾರಿಚ್‌ನ ವೈದ್ಯರು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 55 ವರ್ಷದ ಒಬ್ಬ ಆಟಗಾರನ ಪ್ರಕರಣ ವರದಿ ಮಾಡಿದರು. ತೆಳುಮುಖದ ಟೈಟಾನಿಯಂ ಕೋಲಿನಿಂದ ವಾರಕ್ಕೆ ಮೂರು ಬಾರಿಯಂತೆ 18 ತಿಂಗಳು ಆಡಿದ್ದ ಆತನ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಶುರುವಾಗಿತ್ತು, ಶ್ರವಣಶಕ್ತಿ ಕುಂದಿತ್ತು. ಆ ಕೋಲಿನ ಪೆಟ್ಟಿನ ಸದ್ದೇ ಕಾರಣವಿರಬಹುದೆಂದು ವೈದ್ಯರು ಅನುಮಾನಿಸಿದರು.

ಊರಿನ ರೇಡಿಯೊ, ಒಬ್ಬರ ಕಿವಿ

ಇನ್ನು ಯಂತ್ರದ ಕಥೆ. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ಅಡುಗೆಮನೆಯಲ್ಲೇ ಕೂತು ಹೆಡ್‌ಫೋನ್ ತಯಾರಿಸಿ ಅಲ್ಲಿನ ನೌಕಾಪಡೆಗೆ ಮಾರಿದರು. ಹಾಗೆ ಅದು ಮೊದಲು ಕೆಲಸದ ಸಲಕರಣೆ, ಮನರಂಜನೆಯದಲ್ಲ.

ನಮ್ಮ ನಾಡಿನಲ್ಲಿ ಆಲಿಸುವುದು ಬಹುಕಾಲ ಹತ್ತು ಜನ ಕೂಡಿ ಮಾಡುವ ಕೆಲಸವಾಗಿತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪುಟ್ಟ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದೇ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ ಅದು. ಬೀದಿಗೆ ಒಂದೆರಡು ಮನೆಗಳಲ್ಲಿ ರೇಡಿಯೊ. ಸಂಜೆ ಉದ್ಯಾನಗಳಲ್ಲಿ ಪುರಸಭೆಯ ರೇಡಿಯೊದ ಮುಂದೆ ವಾರ್ತೆ ಕೇಳುವ ಗುಂಪು. ಕ್ರಿಕೆಟ್ ಇದ್ದ ದಿನ ಬೀಡಾ ಅಂಗಡಿಯ ಟ್ರಾನ್ಸಿಸ್ಟರಿನ ಸುತ್ತ ಜನ. ಒಂದು ಸದ್ದಿಗೆ ಹತ್ತು ಜೊತೆ ಕಿವಿ.

ಇದನ್ನು ತಲೆಕೆಳಗು ಮಾಡಿದ್ದು 1979ರ ಜುಲೈಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ವಾಕ್‌ಮನ್. ಅಲ್ಲೂ ಒಂದು ಸ್ವಾರಸ್ಯವಿದೆ. ಒಬ್ಬರೇ ಕೂತು ಕೇಳುವುದು ಅಸಭ್ಯವೆಂದು ಜನ ತಿಳಿದಾರೆಂದು ಸೋನಿಯ ಅಕಿಯೊ ಮೊರಿಟಾ ಅವರಿಗೆ ಅಳುಕಿತ್ತು. ಆದ್ದರಿಂದ ಮೊದಲ ವಾಕ್‌ಮನ್‌ಗೆ ಇಬ್ಬರು ಕೇಳಲು ಎರಡು ತೂತುಗಳನ್ನಿಟ್ಟರು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿದರೆ ಹಾಡು ತಗ್ಗಿ, ಯಂತ್ರದ ಮೈಕಿನ ಮೂಲಕ ಎದುರಿನವರ ಮಾತು ಕೇಳಿಸುತ್ತಿತ್ತು. ಜನರಿಗೆ ಆ ಅಳುಕು ಇರಲೇ ಇಲ್ಲವೆಂದು ಬೇಗನೆ ಗೊತ್ತಾಯಿತು. ಮುಂದಿನ ಮಾದರಿಗಳಲ್ಲಿ ಗುಂಡಿ ಮಾಯವಾಯಿತು.

2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಬೆಂಗಳೂರಿನಲ್ಲಿ ಆರಂಭವಾದ ಮೇಲೆ ಮೊಬೈಲಿನಲ್ಲೂ ರೇಡಿಯೊ ಬಂತು. ಆಗ ಇಯರ್‌ಫೋನಿನ ತಂತಿಯೇ ಅದಕ್ಕೆ ಆಂಟೆನಾ. ತಂತಿ ಸಿಕ್ಕಿಸದಿದ್ದರೆ ರೇಡಿಯೊ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ತಂತಿಯನ್ನೇ ತೆಗೆದುಹಾಕುವ ದಾರಿ ಸಿದ್ಧವಾಗಿತ್ತು. ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ 1994ರಲ್ಲಿ ಮೊಳೆತ ಅಲ್ಪದೂರದ ರೇಡಿಯೊ ಸಂಪರ್ಕಕ್ಕೆ ಹತ್ತನೇ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡ್ ಬ್ಲೂಟೂತ್‌ನ ಹೆಸರಿಟ್ಟರು. 2016ರಲ್ಲಿ ಆ್ಯಪಲ್ ತನ್ನ ಹೊಸ ಫೋನಿನಿಂದ ಇಯರ್‌ಫೋನಿನ ತೂತನ್ನೇ ತೆಗೆದು ತಂತಿಯಿಲ್ಲದ ಜೋಡಿಯನ್ನು ಮಾರಿದ ಮೇಲೆ ಇಯರ್‌ಬಡ್ ಮನೆಮಾತಾಯಿತು.

ಗದ್ದಲ ಕಳೆಯುವ ವಿದ್ಯೆಯ ಮೂಲ ಬೇರೆ. ವಿಮಾನದ ಎಂಜಿನ್ನಿನ ಮೊರೆತದಿಂದ ಬೇಸತ್ತ ಅಮರ್ ಬೋಸ್ 1978ರ ಒಂದು ಪ್ರಯಾಣದಲ್ಲಿ ಅದರ ಲೆಕ್ಕಾಚಾರ ಮಾಡಿದರೆಂಬುದು ಪ್ರಸಿದ್ಧ. ಬಂಗಾಳದಿಂದ ಅಮೆರಿಕಕ್ಕೆ ಹೋದ ಕ್ರಾಂತಿಕಾರಿಯೊಬ್ಬರ ಮಗ ಅವರು. ಹೊರಗಿನ ಸದ್ದಿಗೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಹುಟ್ಟಿಸಿ ಎರಡನ್ನೂ ಪರಸ್ಪರ ಹೊಡೆದುಹಾಕುವುದು ಇದರ ಮರ್ಮ. ಒಂದೇ ಸಮನೆ ಮೊರೆಯುವ ಸದ್ದಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಹಠಾತ್ತನೆ ಬರುವ ಕೂಗನ್ನು ಇದೊಂದೇ ಅಳಿಸಲಾರದು. ಆದರೆ ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ ಮತ್ತು ಜೋರಾದ ಹಾಡು ಜೊತೆ ಸೇರಿದರೆ ಕೂಗೂ ಮುಳುಗುತ್ತದೆ. ವಿಮಾನದಲ್ಲಿ ವರವಾದದ್ದು ಗಾಲ್ಫ್ ಬಯಲಿನಲ್ಲಿ ಶಾಪವಾಗುವುದು ಹೀಗೆ.

ಆರಿಸುವ ಬಗೆ

ಈ ಎರಡು ಚರಿತ್ರೆಗಳ ಬೆಳಕಿನಲ್ಲಿ ಆಯ್ಕೆ ಸುಲಭ. ಕಿವಿಯ ತೂತನ್ನು ಮುಚ್ಚದೆ ಹೊರಗೆ ತೂಗುವ, ಇಲ್ಲವೆ ಕೆನ್ನೆಯ ಮೂಳೆಯ ಮೂಲಕ ಸದ್ದು ದಾಟಿಸುವ ಬಗೆಯವು ಅಭ್ಯಾಸಕ್ಕೆ ಹೆಚ್ಚು ಸೂಕ್ತ. ಬೇಸ್ ಸ್ವಲ್ಪ ಸೊರಗುತ್ತದೆ; ಕೂಗು, ಪೆಟ್ಟಿನ ಸದ್ದು, ತರಬೇತುದಾರರ ಮಾತು ಕೇಳಿಸುತ್ತವೆ. ಬಿಗಿಯಾಗಿ ಕೂರುವಂಥದ್ದೇ ಕೈಯಲ್ಲಿದ್ದರೆ, ಹೊರಗಿನ ಸದ್ದನ್ನು ಮೈಕಿನಿಂದ ಒಳಗೆ ಬಿಡುವ ವ್ಯವಸ್ಥೆ ಅದರಲ್ಲಿದೆಯೇ ನೋಡಬೇಕು. 1979ರ ಕಿತ್ತಳೆ ಗುಂಡಿಯೇ ಹೊಸ ರೂಪದಲ್ಲಿ ಮರಳಿ ಬಂದಿದೆ ಎನ್ನಬಹುದು. ಅದೂ ಇಲ್ಲದಿದ್ದರೆ ಒಂದು ಕಿವಿಗೆ ಮಾತ್ರ ಹಾಕಿ ಇನ್ನೊಂದನ್ನು ಬಿಡುವುದು ಖರ್ಚಿಲ್ಲದ ಉಪಾಯ.

ಲಯದ ಅಭ್ಯಾಸಕ್ಕೆ ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಫೋನಿನಿಂದ ಕಿವಿಗೆ ತಲುಪುವುದು ಸೆಕೆಂಡಿನ ಹತ್ತರಲ್ಲೊಂದು ಭಾಗದಿಂದ ಐದರಲ್ಲೊಂದು ಭಾಗದಷ್ಟು ತಡವಾಗಿ. ಕೋಲು ಮೇಲಿನಿಂದ ಚೆಂಡಿಗೆ ಬರುವ ಅವಧಿ ಸುಮಾರು ಕಾಲು ಸೆಕೆಂಡ್. ಒಂದೇ ಸಮನೆ ಬಡಿಯುವ ತಾಳಕ್ಕೆ ಈ ತಡದಿಂದ ತೊಂದರೆಯಿಲ್ಲ. ಪ್ರತಿ ಬಡಿತವೂ ಅಷ್ಟೇ ತಡವಾಗುತ್ತದೆ. ಬೀಸನ್ನು ಆ ಕ್ಷಣದಲ್ಲೇ ಸದ್ದಾಗಿಸುವ ಸಾಧನಕ್ಕೆ ಮಾತ್ರ ಇದು ನಡೆಯದು. ಪೆಟ್ಟು ಮುಗಿಯುವ ಹೊತ್ತಿಗೆ ಬೀಸಿನ ಸುದ್ದಿ ಬಂದಂತಾಗುತ್ತದೆ.

ಬೆವರು ಮತ್ತು ಮಳೆಯ ವಿಚಾರಕ್ಕೆ ಡಬ್ಬಿಯ ಮೇಲಿನ 'ಐಪಿಎಕ್ಸ್ 4' ಎಂಬ ಗುರುತು ನೋಡಬೇಕು. ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆಂದು ಅದರ ಅರ್ಥ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಬೆವರಿನ ಉಪ್ಪಿನಲ್ಲಲ್ಲ. ಆದ್ದರಿಂದ ಅಭ್ಯಾಸ ಮುಗಿದೊಡನೆ ಒರೆಸಿಡುವುದು ಲೇಸು. ಸದ್ದಿನ ಮಟ್ಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವಿದೆ: ದೊಡ್ಡವರಿಗೆ 80 ಡೆಸಿಬೆಲ್, ವಾರಕ್ಕೆ 40 ಗಂಟೆ.

ಅಭ್ಯಾಸಕ್ಕೆ ಸಲ್ಲುವುದು ಸ್ಪರ್ಧೆಗೆ ಸಲ್ಲದು ಎಂಬುದೂ ನೆನಪಿರಬೇಕು. 2019ರಲ್ಲಿ ಪರಿಷ್ಕೃತವಾದ ಗಾಲ್ಫ್ ನಿಯಮಾವಳಿಯ 4.3ನೇ ನಿಯಮದಂತೆ, ಆಡುವಾಗ ಆಟಕ್ಕೆ ಸಂಬಂಧವಿಲ್ಲದ ವಾರ್ತೆ ಕೇಳಬಹುದು. ಗಮನ ಕೆಡದಿರಲೆಂದೋ ಬೀಸಿನ ಲಯಕ್ಕೆಂದೋ ಸಂಗೀತ ಕೇಳುವಂತಿಲ್ಲ. ಕೇಳಿದರೆ ದಂಡ ತಪ್ಪಿದ್ದಲ್ಲ. ಲಯವನ್ನು ಮೈಗೂಡಿಸಿಕೊಂಡು ಬರಬೇಕೇ ಹೊರತು ಕಿವಿಯಲ್ಲಿ ಹೊತ್ತು ತರಬಾರದು ಎಂಬುದು ಇದರ ಆಶಯ.

ಆ ಬಯಲಿನಲ್ಲಿರುವವರು

ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್ ಕೋಲು ಹಿಡಿದದ್ದು ಐದನೆಯ ವಯಸ್ಸಿನಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಜಾಗದಲ್ಲಿ. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದಾಗ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಈಗಲ್‌ಟನ್ ಬಳಿಯ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಗಾಲ್ಫ್‌ಗೆ ಬಂದದ್ದು ಚೆಂಡು ಹೆಕ್ಕುವ ಹುಡುಗನಾಗಿ. ಮುಂದೆ ಅವರು ಏಷ್ಯಾದ ಟೂರ್ನಿಗಳಲ್ಲಿ ಆಡುವ ವೃತ್ತಿಪರರಾದರು.

ಇಂದೂ ಅಭ್ಯಾಸದ ಬಯಲಿನಲ್ಲಿ ಅಂಥ ಹುಡುಗರು ಇರಬಹುದು. ಹೊಡೆಯುವವರಿಗೂ ಅವರಿಗೂ ನಡುವೆ ಇರುವ ರಕ್ಷಣೆ ಬಹಳ ಸಲ ಒಂದು ಕೂಗು ಮಾತ್ರ. ಅದು ಕೇಳಿಸುವಷ್ಟು ಕಿವಿಯನ್ನು ತೆರೆದಿಡುವ ಇಯರ್‌ಬಡ್ಡೇ, ಬೆಲೆ ಎಷ್ಟೇ ಇರಲಿ, ಗಾಲ್ಫ್ ಅಭ್ಯಾಸಕ್ಕೆ ಒಳ್ಳೆಯದು.