ಕೃಷ್ಣಾ-ಘಟಪ್ರಭಾ ನಡುವಿನ ಕೂಲಿ ನೇಕಾರರು: ಮಗ್ಗದ ಒಡೆತನ ಮತ್ತು ಬಟ್ಟೆಯ ಪರಕೀಯತೆ

ನೇಕಾರ ಸಮುದಾಯಗಳ ಮೌಖಿಕ ಪರಂಪರೆಯಲ್ಲಿ ದೇವರ ದಾಸಿಮಯ್ಯನ ಕಥೆಗೆ ವಿಶೇಷ ಸ್ಥಾನವಿದೆ. ತಾನು ನೇಯ್ದ ವಸ್ತ್ರವನ್ನು ಸಂತೆಗೆ ಒಯ್ದ ದಾಸಿಮಯ್ಯ, ಅದು ಮಾರಾಟವಾಗದೆ ಮರಳುವಾಗ ಮುದಿ ಜಂಗಮನ ವೇಷದ ಶಿವನಿಗೆ ಅದನ್ನೇ ಕೊಡುತ್ತಾನೆ. ಜಂಗಮ ಅದನ್ನು ಹರಿದು ಚೂರು ಮಾಡಿದರೂ ಕೋಪಗೊಳ್ಳದೆ ತವನಿಧಿಯನ್ನು ಪಡೆಯುತ್ತಾನೆ. ವಿದ್ವಾಂಸರು ಇದನ್ನು ಭಕ್ತಿಪರೀಕ್ಷೆಯ ಕಥೆಯಾಗಿ ಓದಿರುವುದು ಸಹಜ. ಆದರೆ ಬಟ್ಟೆ ನೇಯ್ದವನದ್ದೇ ಆಗಿದ್ದರೆ ಮಾತ್ರ ಈ ಕಥೆ ನಡೆಯಬಲ್ಲದು ಎಂಬುದನ್ನು ಗಮನಿಸಬೇಕು. ರಬಕವಿ-ಬನಹಟ್ಟಿಯ ಕೂಲಿ ನೇಕಾರನಿಗೆ ತಾನು ನೇಯ್ದ ಸೀರೆಯನ್ನು ದಾನ ಮಾಡುವ ಅಧಿಕಾರವೂ ಇಲ್ಲ.

ಇದು ಒಮ್ಮೆಲೇ ಆದದ್ದಲ್ಲ. ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆಯಿದ್ದ ಕಾಲದಲ್ಲಿಯೇ ನೂಲುವ ಕೆಲಸ ಮನೆಯಿಂದ ಹೊರಬಿದ್ದಿತ್ತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಗಿರಣಿ ಆರಂಭವಾಯಿತು. ಗಿರಣಿ ನೂಲು ಬಂದಂತೆ ನೇಕಾರ ನೂಲಿನ ವ್ಯಾಪಾರಿಯನ್ನು ಅವಲಂಬಿಸಿದ. ಉದ್ದರಿ ನೂಲು ಕೊಟ್ಟವನೇ ಸೀರೆಯನ್ನೂ ಕೊಳ್ಳತೊಡಗಿದಾಗ ಬೆಲೆ ಎಂಬುದು ಅಳಿದು ಮಜೂರಿ ಎಂಬುದು ಉಳಿಯಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಸಾವುಕಾರನ ಬಾಕಿ ಪುಸ್ತಕ ವಿಲೀನವಾಗಲಿಲ್ಲ.

ದುಡಿಮೆಗಾರ ತಾನು ಮಾಡಿದ ವಸ್ತುವಿನಿಂದ ಪರಕೀಯನಾಗುವ ಬಗೆಯನ್ನು ಮಾರ್ಕ್ಸ್ 1844ರ ಹಸ್ತಪ್ರತಿಗಳಲ್ಲಿ ವಿವರಿಸಿದ್ದಾನೆ. ಅಲ್ಲಿ ಕಾರ್ಮಿಕ ತನ್ನ ಮನೆ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ನಮ್ಮ ಪ್ರದೇಶದ ವಿಶೇಷವೆಂದರೆ ಮಗ್ಗ ಮನೆಯೊಳಗೇ ಉಳಿದಿದೆ, ಎಷ್ಟೋ ಸಂದರ್ಭಗಳಲ್ಲಿ ಅದು ನೇಕಾರನ ಸ್ವಂತದ್ದು. ನೂಲು, ಬಣ್ಣ, ಅಂಚಿನ ವಿನ್ಯಾಸ, ಮಾರುಕಟ್ಟೆಗಳು ಮಾತ್ರ ಅನ್ಯರವು. ಕುಣಿಮಗ್ಗದ ಒಡೆಯನೆಂಬ ಅಭಿಮಾನವೇ ಅವನು ಕೂಲಿಕಾರನೆಂಬ ಸಂಗತಿಯನ್ನು ಮರೆಮಾಡುತ್ತದೆ. ಕೂಲಿ ಸೀರೆಗಿಷ್ಟು ಎಂದು ನಿಗದಿಯಾಗುವುದರಿಂದ ಹೊತ್ತಿನ ಲೆಕ್ಕವಿಲ್ಲ. ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮುದುಕರು ಹಾಸಿನ ಎಳೆ ಕೂಡಿಸುತ್ತಾರೆ. ಇವರೆಲ್ಲರ ದುಡಿಮೆ ಒಬ್ಬನ ಮಜೂರಿಯಲ್ಲಿ ಕರಗುತ್ತದೆ. ನೇಯ್ಗೆಯ ಹಾಡು, ಒಗಟುಗಳನ್ನು ಸಂಗ್ರಹಿಸುವ ನಮ್ಮಂಥವರು ಈ ಲೆಕ್ಕವನ್ನು ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿರುವುದು ಸರಿಯೆನಿಸುವುದಿಲ್ಲ.

ಬೀಳಗಿ, ಮುಧೋಳಗಳಲ್ಲಿ ಕೂಲಿಯ ಮುಖ ಬೇರೆ. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲ್ಲೂಕಿನ ರೈತರ ಹೊಲಗಳನ್ನು ನುಂಗಿತು. ಮುಧೋಳದ ಕಬ್ಬಿನ ಸೀಮೆಯಲ್ಲಿ ಕಟಾವಿನ ಗ್ಯಾಂಗುಗಳು ಮುಂಗಡ ಪಡೆದೇ ಕೆಲಸಕ್ಕಿಳಿಯುತ್ತವೆ. ಮುಂಗಡ ತೀರುವವರೆಗೆ ಯಜಮಾನನನ್ನು ಬದಲಿಸಲಾಗದು ಎಂಬ ನಿಯಮ ಮಗ್ಗಕ್ಕೂ ಕಬ್ಬಿಗೂ ಒಂದೇ.

ವಿದ್ಯುತ್ ಮಗ್ಗಗಳು ಹೆಚ್ಚಿದ ಮೇಲೆ ಮಗ್ಗದ ಒಡೆತನವೂ ಅನೇಕರ ಕೈತಪ್ಪಿತು. ಕೈಮಗ್ಗಕ್ಕೆ 22 ಬಗೆಯ ವಸ್ತ್ರಗಳನ್ನು ಮೀಸಲಿಡಲು ದಾರಿಮಾಡಿದ 1985ರ ಕಾಯ್ದೆಯನ್ನು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿಯಿತಾದರೂ, ಆ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಇತ್ತ 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರ ಮಿತಿ ಇಟ್ಟಿತ್ತು. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ನಾಲ್ಕಾರು ಮಗ್ಗಗಳ ಮನೆಶೆಡ್ಡಿನಲ್ಲಿ ದುಡಿಯುವವನು ಎರಡೂ ಲೆಕ್ಕಗಳಿಂದ ಹೊರಗೆ.

1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ನೂಲು ಕೊಟ್ಟು ಮಜೂರಿ ನೀಡುವ ಪದ್ಧತಿಯನ್ನೇ ಅನುಸರಿಸಿತು. ಜನತಾ ಸೀರೆಯ ಕಾಲದಲ್ಲಿ ಕೆಲಸದ ಭರವಸೆಯಾದರೂ ಇತ್ತು, ಅದನ್ನು ಅಲ್ಲಗಳೆಯಲಾಗದು. 2020ರಲ್ಲಿ ಘೋಷಿತವಾದ ನೇಕಾರ ಸಮ್ಮಾನ್ ಯೋಜನೆ ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ನೀಡಿತು. ಮುಂದೆ ಆ ಮೊತ್ತ 5,000ಕ್ಕೆ ಏರಿತು. 2023ರಲ್ಲಿ 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ದೊರೆಯಿತು. ಈ ಸವಲತ್ತು ಸಲ್ಲುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಅದೇ ಮಗ್ಗದ ಮುಂದೆ ನಿಂತು ಹರಿದ ಎಳೆ ಜೋಡಿಸುವ ಕೂಲಿ ನೇಕಾರನ ಹೆಸರಿನಲ್ಲಿ ಮೀಟರ್ ಇಲ್ಲ.